ಉಂಡ ಮನೆಯ ಜಂತೆ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಗುಪ್ತಚರರು ಜನರ ಮೇಲಿಟ್ಟ ಕಣ್ಗಾವಲನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಎಂಬವನನ್ನು ಮಹಾತ್ಮನೆಂಬಂತೆ ಬರೆದಿದ್ದೀರಿ. ಸರ್ಕಾರದ ಅನ್ನ ತಿಂದು, ಗುಟ್ಟು ಕಾಯುತ್ತೇನೆಂದು ಸಹಿ ಹಾಕಿ, ಆ ಗುಟ್ಟನ್ನೇ ಹೊತ್ತುಕೊಂಡು ಓಡಿದವನು ಅವನು. ಏನಾದರೂ ತಪ್ಪು ಕಂಡಿದ್ದರೆ ಮೇಲಧಿಕಾರಿಗೆ ಹೇಳಬೇಕಿತ್ತು. ಉಂಡ ಮನೆಯ ಜಂತೆ ಎಣಿಸಬಾರದೆಂದು ಹಿರಿಯರು ಸುಮ್ಮನೆ ಹೇಳಿದರೆ? ನಮ್ಮ ಕಾರವಾರದಲ್ಲೇ ನೌಕಾನೆಲೆಯ ಮಾಹಿತಿ ಹೊರಗೆ ಕಳಿಸಿದ ಆರೋಪದ ಮೇಲೆ ಬಂಧನಗಳಾದವು. ಅವರಿಗೂ ನಿಮ್ಮ ಸ್ನೋಡೆನ್‌ಗೂ ಏನು ವ್ಯತ್ಯಾಸ? ಸರ್ಕಾರ ನನ್ನ ಫೋನು ಕೇಳುವುದಾದರೆ ಕೇಳಲಿ. ನನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ."
– ನಿವೃತ್ತ ಶಿಕ್ಷಕರು, ಕಾರವಾರ

ಸಂಪಾದಕರ ಉತ್ತರ:

ಮಾಸ್ತರರೇ, ನಿಮ್ಮ ಕಾಗದ ಬಂದು ಹನ್ನೆರಡು ದಿನವಾಯಿತು. ಎರಡು ಹಾಳೆ, ಶಾಯಿ ಪೆನ್ನು, ಎಲ್ಲಿಯೂ ಒಂದು ಚಿತ್ತಿಲ್ಲ. ಇಂಥ ಕಾಗದ ಈಗ ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು. ಅದಕ್ಕೇ ಈ ತಿಂಗಳ ಪತ್ರ ವಿಭಾಗವನ್ನೆಲ್ಲ ನಿಮಗೆ ಬಿಟ್ಟುಕೊಟ್ಟಿದ್ದೇನೆ. ಉಳಿದವರು ಬೈದುಕೊಳ್ಳಲಿ.

ಒಪ್ಪತಕ್ಕದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ಕದಂಬ ನೌಕಾನೆಲೆಯಲ್ಲಿ ಹಡಗು ಯಾವಾಗ ಬಂತು, ಯಾವಾಗ ಹೋಯಿತು ಎಂದು ದುಡ್ಡಿಗೆ ಹೇಳುವವನು ಅಲ್ಲಿರುವ ನಾವಿಕರ ಪ್ರಾಣ ಮಾರುತ್ತಾನೆ. ಆರೋಪ ಸಾಬೀತಾದರೆ ಜೈಲಿಗೆ ಹೋಗಲಿ. ಸ್ನೋಡೆನ್ ಕೂಡ ತೊಳೆದ ಮುತ್ತೇನಲ್ಲ. ಜನರ ಮೇಲಿನ ಕಣ್ಗಾವಲಿಗೆ ಸಂಬಂಧವಿಲ್ಲದ ಕಡತಗಳನ್ನೂ ಹೊತ್ತೊಯ್ದ. 2013ರಿಂದ ಅವನಿರುವುದು ರಷ್ಯಾದಲ್ಲಿ, 2022ರಲ್ಲಿ ಅಲ್ಲಿನ ಪೌರತ್ವವೂ ಸಿಕ್ಕಿತು. ಆ ದೇಶದ ಪೊಲೀಸರು ಯಾರ ಫೋನನ್ನೂ ಕೇಳುವುದಿಲ್ಲವೆಂದು ನಾನೇನೂ ನಂಬಿಕೊಂಡಿಲ್ಲ.

ಇನ್ನು ನಿಮ್ಮ ಗಾದೆ. ಅದು ಕಾಗದದಲ್ಲಿ ಕಂಡ ಕ್ಷಣವೇ ನನಗೆ ನಮ್ಮ ಹಳೆಮನೆಯ ಜಗುಲಿ ನೆನಪಾಯಿತು. ಅಜ್ಜಿಯ ತಿಥಿಯ ದಿನ ಊಟ ಮುಗಿಸಿದ ಭಟ್ಟರು ಕವಳ ಹಾಕಿಕೊಂಡು ಅಂಗಾತ ಮಲಗಿದ್ದರು. ಮಲಗಿದಲ್ಲಿಂದಲೇ, "ಹೆಗಡೇರೇ, ಎಡಗಡೆಯಿಂದ ನಾಲ್ಕನೇ ಜಂತೆ ಟೊಳ್ಳಾದಂಗೆ ಕಾಣ್ತು" ಎಂದರು. ಅಜ್ಜನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಮುಂದಿನ ಎರಡು ವರ್ಷ ತಿಥಿಗೆ ಬೇರೆ ಭಟ್ಟರು ಬಂದರು. ಮೂರನೇ ಮಳೆಗಾಲದಲ್ಲಿ ಹಂಚು ಹೊಚ್ಚಲು ಬಂದ ಆಳು ದೋಟಿಯಲ್ಲಿ ಸುಮ್ಮನೆ ಚುಚ್ಚಿದ. ಕೋಲು ಬೇಯಿಸಿದ ಗೆಣಸಿನೊಳಗೆ ಹೋದ ಹಾಗೆ ಒಳಗೆ ಹೋಯಿತು, ಒರಲೆಯ ಮಣ್ಣು ಅಜ್ಜನ ತಲೆಯ ಮೇಲೇ ಉದುರಿತು. ಭಟ್ಟರು ಹೇಳಿದ ದಿನವೇ ನೋಡಿದ್ದರೆ ಒಂದು ಜಂತೆ ಬದಲಿಸಿದರೆ ಸಾಕಿತ್ತು. ಆ ವರ್ಷ ಏಳು ಬದಲಿಸಬೇಕಾಯಿತು.

ರಸ್ತೆಯಲ್ಲಿ ಹೋಗುವವನಿಗೆ ನಮ್ಮ ಮನೆಯ ಜಂತೆ ಕಾಣುವುದಿಲ್ಲ, ಮಾಸ್ತರರೇ. ಕಾಣುವುದು ಒಳಗೆ ಉಂಡು ಅಡ್ಡಾದವನಿಗೇ. ನೀವು ಹೇಳುವ ಗೂಢಚಾರ ಮನೆಯ ಬೀಗದ ಕೈಯನ್ನು ಆಚೆಮನೆಯವನಿಗೆ ಮಾರಿದವನು. ಸ್ನೋಡೆನ್ ಕರೆದದ್ದು ಮನೆಯವರನ್ನೇ. ಯಾರು ಯಾರಿಗೆ ಎಷ್ಟು ಹೊತ್ತಿಗೆ ಫೋನು ಮಾಡಿದರು ಎಂಬ ಲೆಕ್ಕವನ್ನು, ಯಾವ ಆರೋಪವೂ ಇಲ್ಲದ ಕೋಟಿಗಟ್ಟಲೆ ಜನರದ್ದನ್ನು, ಸರ್ಕಾರ ದಿನಾ ತರಿಸಿಕೊಳ್ಳುತ್ತಿದೆ ಎಂದು ಹೇಳಿದ. ಅದಕ್ಕೆ ಮೂರು ತಿಂಗಳ ಮುಂಚೆ ಅಲ್ಲಿನ ಗುಪ್ತಚರ ಮುಖ್ಯಸ್ಥ ಜೇಮ್ಸ್ ಕ್ಲಾಪರ್ ಸೆನೆಟ್ ಸಮಿತಿಯ ಎದುರು ಅಂಥದ್ದೇನೂ ಇಲ್ಲವೆಂದಿದ್ದರು. 2020ರಲ್ಲಿ ಅಲ್ಲಿನದೇ ಮೇಲ್ಮನವಿ ನ್ಯಾಯಾಲಯ ಆ ಸಂಗ್ರಹವೇ ಕಾನೂನುಬಾಹಿರ ಎಂದಿತು. ಸುಳ್ಳು ಹೇಳಿದವರು ಸುಖವಾಗಿ ನಿವೃತ್ತರಾದರು. ನಿಜ ಹೇಳಿದವನು ಊರಿಗೆ ಬಂದರೆ ಜೈಲು.

ಮೇಲಧಿಕಾರಿಗೆ ಹೇಳಬೇಕಿತ್ತು ಎಂದಿರಿ. ಹಾಗೆ ಹೇಳಿದವರ ಕತೆ ಕೇಳಿ. ಸತ್ಯೇಂದ್ರ ದುಬೆ ಎಂಬ ಎಂಜಿನಿಯರು ಹೆದ್ದಾರಿ ಪ್ರಾಧಿಕಾರದಲ್ಲಿದ್ದ. ಸುವರ್ಣ ಚತುಷ್ಪಥದ ಕಾಮಗಾರಿಯಲ್ಲಿ ಕಂಡ ಅವ್ಯವಹಾರವನ್ನು ನೇರ ಪ್ರಧಾನಿ ಕಚೇರಿಗೆ ಬರೆದ. ಅದಕ್ಕಿಂತ ಮೇಲಿನ ಅಧಿಕಾರಿ ಈ ದೇಶದಲ್ಲಿ ಯಾರಿದ್ದಾರೆ? ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದ. ಹೆಸರಿನ ಸಮೇತ ಆ ಕಾಗದ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಎರಡು ವರ್ಷಕ್ಕೆ ನಮ್ಮ ಕೆ.ಜಿ.ಎಫ್.ನಲ್ಲಿ ಬೆಳೆದ ಹುಡುಗ ಮಂಜುನಾಥ ಷಣ್ಮುಗಂ, ಇಂಡಿಯನ್ ಆಯಿಲ್ ಅಧಿಕಾರಿ, ಕಲಬೆರಕೆಯ ಪೆಟ್ರೋಲ್ ಬಂಕಿಗೆ ಬೀಗ ಹಾಕಿದ್ದಕ್ಕೆ ಉತ್ತರಪ್ರದೇಶದ ಲಖಿಂಪುರದಲ್ಲಿ ಹೆಣವಾದ.

ಅಷ್ಟು ದೂರ ಯಾಕೆ, ನಿಮ್ಮ ಮನೆಯಿಂದ ಗಂಟೆಯೊಳಗೆ ಬೇಲೆಕೇರಿ ಬಂದರು ತಲುಪಬಹುದು. 2010ರಲ್ಲಿ ಅರಣ್ಯ ಇಲಾಖೆ ಅಲ್ಲಿ ಅಕ್ರಮವೆಂದು ಸುಮಾರು 8 ಲಕ್ಷ ಟನ್ ಕಬ್ಬಿಣದ ಅದಿರು ಜಪ್ತಿ ಮಾಡಿತು. ಜಪ್ತಾದ ಅದಿರಿನಲ್ಲಿ ಅರ್ಧಕ್ಕೂ ಹೆಚ್ಚು ಬಂದರಿನಿಂದಲೇ ಮಾಯವಾಯಿತು. ಅಮಾನತಾದವರು ಯಾರು ಬಲ್ಲಿರಾ? ಜಪ್ತಿಯ ಹಿಂದಿದ್ದ ಅರಣ್ಯಾಧಿಕಾರಿ ಆರ್. ಗೋಕುಲ್. ಅದನ್ನು ಸಹಿಸದೆ ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಬಿಸಾಕಿದ್ದು, ಆಮೇಲೆ ಹಿಂದೆ ಪಡೆದದ್ದು ನಿಮಗೂ ನೆನಪಿರಬೇಕು. ಆ ದಿನಗಳಲ್ಲಿ ಅಂಕೋಲೆಯ ರಸ್ತೆಯ ಮೇಲಿನ ಕೆಂಪು ಧೂಳನ್ನು ನೀವೂ ಕುಡಿದಿದ್ದೀರಿ, ನಾನೂ ಕುಡಿದಿದ್ದೇನೆ.

ಇಂಥವರ ರಕ್ಷಣೆಗೆ ಕಾನೂನಿಲ್ಲವೆ ಎಂದರೆ, ಇದೆ. 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಗೆ ತರುವ ಅಧಿಸೂಚನೆಯೊಂದು ಮಾತ್ರ ಹೊರಡಲಿಲ್ಲ. ನಾಮಕರಣವಾಗಿ ತೊಟ್ಟಿಲು ಕಾಣದ ಕೂಸು. ಕನ್ನಡದಲ್ಲಿ ಈ ಜನಕ್ಕೆ ಒಂದು ಒಳ್ಳೆಯ ಹೆಸರೂ ಇಲ್ಲ ನೋಡಿ. ಚಾಡಿಕೋರ, ಬಾತ್ಮೀದಾರ, ಮನೆಮುರುಕ ಎಂದೆಲ್ಲ ಇದೆ. ನಾವು ಪತ್ರಿಕೆಯವರು 'ವಿಷಲ್‌ಬ್ಲೋವರ್' ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ.

ಈಗ ನಿಮ್ಮ ಕೊನೆಯ ಮಾತು, ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸಾಲಿನಲ್ಲಿ ನಮ್ಮನ್ನು ನಿಲ್ಲಿಸುವ ಮಾತು ಅದು. ಸಿಟ್ಟಿಲ್ಲ, ಕತೆ ಹೇಳುತ್ತೇನೆ.

1979. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲ. ಅಕ್ಕನ ಮದುವೆ ನಿಶ್ಚಯವಾಗಿತ್ತು. ಅಪ್ಪಯ್ಯ ಹುಬ್ಬಳ್ಳಿಯ ಚಿಕ್ಕಪ್ಪನಿಗೆ ಫೋನು ಹಚ್ಚಿ, "ದುಡ್ಡು ಸಾಲ್ತಿಲ್ಲೆ, ಹನ್ನೆರಡು ಚೀಲ ಚಾಲಿ ಇದ್ದು, ಈ ವಾರವೇ ಕೊಟ್ಟುಬಿಡ್ತಿ" ಎಂದರು. ಮೂರು ದಿನ ಬಿಟ್ಟು ಅಡಿಕೆ ಒಯ್ದರೆ ಮಂಡಿಯವನು ಚೀಲಕ್ಕೆ ಕೈ ಕೂಡ ಹಾಕಲಿಲ್ಲ. "ಮದುವೆ ಖರ್ಚಿಗಲ್ವಾ ಹೆಗಡೇರೇ? ದರ ಬಿದ್ದೋಗಿದೆ" ಎಂದ. ದರ ಬಿದ್ದಿರಲಿಲ್ಲ. ಅದೇ ದಿನ ಪಕ್ಕದ ಮನೆಯವರ ಚಾಲಿ ಹೆಚ್ಚಿಗೆ ಹೋಗಿತ್ತು. ಫೋನು ಜೋಡಿಸಿಕೊಡುತ್ತಿದ್ದ ಎಕ್ಸ್‌ಚೇಂಜಿನ ಆಪರೇಟರೂ ಆ ಮಂಡಿಯವನೂ ಸಂಜೆ ಇಸ್ಪೀಟಿಗೆ ಒಟ್ಟಿಗೆ ಕೂರುವವರೆಂದು ತಿಳಿದದ್ದು ಮದುವೆಯ ಸಾಲ ತೀರಿದ ಮೇಲೆ. ಯಾವ ಊರೆಂದು ಹೇಳುವುದಿಲ್ಲ. ಅಪ್ಪಯ್ಯ ಮಾತ್ರ ಸಾಯುವವರೆಗೂ "ಫೋನಲ್ಲಿ ಎಂತದೂ ಹೇಳಡ, ಎದುರಿಗೆ ಬಂದಾಗ ಹೇಳು" ಎನ್ನುತ್ತಿದ್ದರು. ಅವರಲ್ಲಿ ಮುಚ್ಚಿಡುವಂಥದ್ದೇನಿತ್ತು? ಮಗಳ ಮದುವೆ ಗುಟ್ಟೆ? ಅವರ ಗರಜು ಕೊಳ್ಳುವವನಿಗೆ ತಿಳಿಯಿತು, ಅಷ್ಟೇ.

ಫೋನಿನ ಮಾತು ಬಂದರೆ ನಮ್ಮ ಜಿಲ್ಲೆಯವರು ಸ್ವಲ್ಪ ತಲೆ ತಗ್ಗಿಸಬೇಕು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಹೊತ್ತು ಮುಖ್ಯಮಂತ್ರಿ ಕುರ್ಚಿ ಬಿಟ್ಟವರು ನಮ್ಮ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರೇ. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡು ಬಂದವರು, ಲೋಕಾಯುಕ್ತ ಕಾನೂನು ತಂದವರು. ಅವರ ಮೇಲಿನ ಗೌರವ ನನಗೆ ಇಂದಿಗೂ ಕಡಿಮೆಯಾಗಿಲ್ಲ. ಆಗ ಸಿರ್ಸಿಯ ಜಗುಲಿಗಳಲ್ಲಿ "ಎಲ್ಲರೂ ಕದ್ದು ಕೇಳ್ತ, ನಮ್ಮವರು ಸಿಕ್ಕಿಬಿದ್ದ ಅಷ್ಟೇಯ" ಎಂದು ಸಮಾಧಾನ ಮಾಡಿಕೊಂಡೆವು. ಅವರ ಹಾಗೆ ಕುರ್ಚಿ ಬಿಟ್ಟ ಇನ್ನೊಬ್ಬರನ್ನು ಈಗ ತೋರಿಸಿ ನೋಡೋಣ. 2019ರಲ್ಲಿ ಬೆಂಗಳೂರಲ್ಲಿ ಅದೇ ಬಗೆಯ ಕದ್ದಾಲಿಕೆಯ ಪ್ರಕರಣ ಸಿ.ಬಿ.ಐ. ಮೆಟ್ಟಿಲು ಹತ್ತಿತು. ಯಾರಿಗೂ ನಿದ್ದೆ ಕೆಡಲಿಲ್ಲ.

ಕೇಳುವುದಕ್ಕೂ ನಿಯಮವಿದೆಯಲ್ಲ ಎನ್ನಬಹುದು. 1996ರಲ್ಲಿ ಸುಪ್ರೀಂ ಕೋರ್ಟು ಕೆಲವು ಕಟ್ಟು ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಎರಡು ತಿಂಗಳ ಅವಧಿ, ಎಳೆದರೆ ಆರು ತಿಂಗಳು, ಮೇಲೊಂದು ಪರಿಶೀಲನಾ ಸಮಿತಿ. ಆದೇಶ ಕೊಡುವವರೂ ಅಧಿಕಾರಿಗಳು, ಪರಿಶೀಲಿಸುವವರೂ ಅಧಿಕಾರಿಗಳು. ನ್ಯಾಯಾಧೀಶರ ಹಾಜರಿ ಎಲ್ಲೂ ಇಲ್ಲ. ಮಾಹಿತಿ ಹಕ್ಕಿನಲ್ಲಿ ಹಿಂದೊಮ್ಮೆ ಹೊರಬಿದ್ದ ಲೆಕ್ಕದಂತೆ ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡಿಸುತ್ತಿತ್ತು. ಸಮಿತಿ ಎರಡು ತಿಂಗಳಿಗೊಮ್ಮೆ ಕೂತರೆ ಎದುರಿಗೆ ಹದಿನೈದು ಸಾವಿರ ಕಡತ. ನೀವು ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆ ತಿದ್ದಿದವರು, ಒಂದು ಕೂಟದಲ್ಲಿ ಎಷ್ಟನ್ನು ಓದಿ ನೋಡಬಹುದೆಂದು ನೀವೇ ಹೇಳಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಹೇಳುವಂತೆ ಮಾಡಿದ್ದು ಕೂಡ ನಿಮ್ಮಂಥ ಒಬ್ಬ ನಿವೃತ್ತರೇ, ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಇಷ್ಟಾದ ಮೇಲೂ ಪೆಗಾಸಸ್ ಎಂಬ, ಫೋನಿನೊಳಗೆ ಹೊಕ್ಕು ಕದ್ದು ನೋಡುವ ತಂತ್ರಾಂಶದ ತನಿಖೆಯಲ್ಲಿ ಏನಾಯಿತು? ಕೋರ್ಟು ನೇಮಿಸಿದ ಸಮಿತಿ 29 ಫೋನು ನೋಡಿತು, ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿಯೇ ತಿಳಿಸಿತು. ನಮ್ಮ ಜಂತೆ ಎಣಿಸಲು ಅವರಿಗೆ ಬಿಡುವಿದೆ, ಅವರ ಮಾಡಿನ ಕಡೆ ನಾವು ತಲೆ ಎತ್ತಿದರೆ ಕಣ್ಣಿಗೆ ಮಣ್ಣು. 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಬಾಲದಲ್ಲಿ ಮಾಹಿತಿ ಹಕ್ಕಿಗೇ ಕತ್ತರಿ ಹಾಕಿದರು. ಇನ್ನು ಯಾವ ಕಡತ ಕೇಳಿದರೂ 'ವೈಯಕ್ತಿಕ ಮಾಹಿತಿ' ಎಂದು ಬಾಗಿಲು ಹಾಕಿಕೊಳ್ಳಲು ಅನುಕೂಲ.

ಕೈಗಾ ಅಣುಸ್ಥಾವರದ್ದು ನೆನಪಿದೆಯೆ? ಬೇಡ ಎಂದವರು ಅಭಿವೃದ್ಧಿ ವಿರೋಧಿಗಳಾದರು. ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲಿ 1989ರ ಲೋಕಸಭೆಗೆ ನಮ್ಮ ಕ್ಷೇತ್ರದಿಂದ ನಿಂತರು, ನಾವು ಸೋಲಿಸಿ ಕಳಿಸಿದೆವು. 1994ರ ಮೇ 13ರಂದು ಕಟ್ಟುತ್ತಿದ್ದ ಸ್ಥಾವರದ ಗುಮ್ಮಟವೇ ಕುಸಿಯಿತು. ಬಿದ್ದ ಮೇಲೆ ನಮಗೆ ತಿಳಿಯಿತು.

ನನ್ನ ಮೇಜಿಗೆ ಬರುವ ಕಾಗದಗಳಲ್ಲಿ ಈಚೆಗೆ ಒಂದು ಹೊಸ ರೂಢಿ ಕಾಣುತ್ತಿದ್ದೇನೆ. ಮರಳಿನ ಬಗ್ಗೆ, ಅತಿಕ್ರಮಣದ ಬಗ್ಗೆ, ಮಾಡದ ಕಾಮಗಾರಿಯ ಬಿಲ್ಲಿನ ಬಗ್ಗೆ ಬರೆಯುವವರು ಹೆಸರು ಬೇಡ ಎನ್ನುತ್ತಾರೆ. ಹೋದ ತಿಂಗಳು ಬಂದ ಒಂದರಲ್ಲಿ ಸಹಿ ಇದ್ದ ಜಾಗವನ್ನು ಬ್ಲೇಡಿನಿಂದ ಚೌಕಾಕಾರ ಕೊಯ್ದು ತೆಗೆದಿದ್ದರು. ಹಾಳೆ ಎತ್ತಿ ಹಿಡಿದರೆ ಆ ಕಿಟಕಿಯಿಂದ ನಮ್ಮ ಕಚೇರಿಯ ಗೋಡೆ ಕಾಣುತ್ತಿತ್ತು.

ನಿಮ್ಮ ಎರಡನೇ ಹಾಳೆಯ ಹಿಂಬದಿಯಲ್ಲೂ ಮೂರು ಸಾಲಿತ್ತು, ಪೆನ್ಸಿಲಿನಲ್ಲಿ. "ದಯವಿಟ್ಟು ಹೆಸರು, ವಿಳಾಸ, ಮೊಬೈಲ್ ನಂಬರ್ ಪ್ರಕಟಿಸಬೇಡಿ. ಮಗ ಸರ್ಕಾರಿ ನೌಕರಿಯಲ್ಲಿದ್ದಾನೆ. ಸುಮ್ಮನೆ ಯಾಕೆ."

ಹಾಕಿಲ್ಲ, ಮಾಸ್ತರರೇ. ಲಕೋಟೆಯನ್ನೂ ಒಲೆಗೆ ಹಾಕಿದ್ದೇನೆ.