ಹನ್ನೊಂದು ವರ್ಷಕ್ಕೇ ಫೋನ್ ಬೇಕಾ?

ಪ್ರಶ್ನೆ: ಮಗಳಿಗೆ 11 ವರ್ಷ. ಕ್ಲಾಸಿನಲ್ಲಿ ಎಲ್ಲರ ಹತ್ತಿರವೂ ಫೋನ್ ಇದೆಯಂತೆ. ದಿನಾ ಅಳು. ಯಾವ ವಯಸ್ಸಿಗೆ ಕೊಡಬೇಕು ಮೇಡಂ?

ಉತ್ತರ: ‘ಎಲ್ಲರ ಹತ್ತಿರವೂ’ ಅನ್ನುವುದನ್ನು ಮೊದಲು ಸ್ವಲ್ಪ ವಿಚಾರಿಸಿ. ನನ್ನ ಮಗನೂ ಹೀಗೇ ಹೇಳಿದ್ದ. ಅವನ ಗೆಳೆಯರ ಅಮ್ಮಂದಿರನ್ನು ಕೇಳಿದೆ. ಫೋನ್ ಇದ್ದದ್ದು ಮೂವರ ಹತ್ತಿರ, ಅದರಲ್ಲೂ ಒಂದು ಅಜ್ಜಿಯದು!

ನಾನು ವಯಸ್ಸಿಗಿಂತ ಜಾಸ್ತಿ ನೋಡುವುದು ಬೇರೆ. ಮನೆ ಬೀಗದ ಕೈ ಕೊಟ್ಟರೆ ಕಳೆಯದೆ ತರುತ್ತಾಳಾ? ಟಿವಿ ಸಾಕು ಅಂದರೆ ಜಗಳವಿಲ್ಲದೆ ಆರಿಸುತ್ತಾಳಾ? ಯಾರಾದರೂ ಕೆಟ್ಟ ಮಾತಾಡಿದರೆ ನಿಮಗೆ ಬಂದು ಹೇಳುತ್ತಾಳಾ? ನನಗೆ ಈ ಮೂರನೆಯದೇ ಮುಖ್ಯ. ಬೈಗುಳಕ್ಕೆ ಹೆದರಿ ಮುಚ್ಚಿಡುವ ಮಗುವಿಗೆ 15ರಲ್ಲೂ ಫೋನ್ ಕಷ್ಟವೇ.

ಬರೀ ಕರೆ ಮಾಡುವುದಕ್ಕಾದರೆ ಕೀಪ್ಯಾಡ್ ಫೋನ್ ಸಾಕು. ಇನ್‌ಸ್ಟಾಗ್ರಾಂ ಸದ್ಯಕ್ಕೆ ಬೇಡವೇ ಬೇಡ. ಅವರದೇ ನಿಯಮದಂತೆ 13 ತುಂಬಿರಬೇಕು. ಸುಳ್ಳು ಹುಟ್ಟಿದ ವರ್ಷ ಹಾಕಿ ಖಾತೆ ತೆರೆದುಕೊಡುವ ಅಪ್ಪ-ಅಮ್ಮಂದಿರೂ ಇದ್ದಾರೆ, ಬಿಡಿ. ಸ್ಮಾರ್ಟ್‌ಫೋನೇ ಕೊಡುವುದಾದರೆ ಆಂಡ್ರಾಯ್ಡ್‌ನಲ್ಲಿ ಫ್ಯಾಮಿಲಿ ಲಿಂಕ್ ಆ್ಯಪ್, ಐಫೋನಿನಲ್ಲಿ ಸೆಟ್ಟಿಂಗ್ಸ್‌ನೊಳಗಿನ ಸ್ಕ್ರೀನ್ ಟೈಮ್ ಬಳಸಿ ಹೊತ್ತಿಗೆ ಮಿತಿ ಹಾಕಬಹುದು. ಕದ್ದುಮುಚ್ಚಿ ಬೇಡ, ಅವಳಿಗೆ ಹೇಳಿಯೇ ಹಾಕಿ. ರಾತ್ರಿ ಎಲ್ಲರ ಫೋನೂ ಹಾಲ್‌ನಲ್ಲೇ ಚಾರ್ಜಿಗೆ. ನಮ್ಮನೆಯಲ್ಲಿ ಈ ನಿಯಮ ಮೊದಲು ಮುರಿದವಳು ನಾನೇ.