ದ್ರಿನಾ ನದಿಯ ಆಚೆ ದಡ, ಈಚೆ ದಡದವರು ಶತ್ರುಗಳಾ?

ಬೋಸ್ನಿಯಾ ಮತ್ತು ಸರ್ಬಿಯಾಗೆ ದ್ರಿನಾ ನದಿಯೇ ಗಡಿ, ಹಾಗಾದರೆ ಎರಡು ದಡದವರಿಗೂ ಆಗಿಬರುವುದಿಲ್ಲವಾ ಎಂದು ಕೇಳಿದ್ದೀರಿ. ನಕ್ಷೆ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಈ ನದಿಯ ಬಗ್ಗೆ ತುಂಬಾ ಓದಿದ ಮೇಲೆ ನನಗೆ ಗೊತ್ತಾದದ್ದೇ ಬೇರೆ. ಅಲ್ಲಿ ಘೋರವಾದದ್ದು ನಡೆದದ್ದು ಹೆಚ್ಚಾಗಿ ಒಂದೇ ಊರಿನವರ ನಡುವೆ.

ತಾರಾ, ಪಿವಾ ಎಂಬ ಎರಡು ನದಿಗಳು ಮಾಂಟೆನೆಗ್ರೊ ಗಡಿಯಲ್ಲಿ ಸೇರಿ ದ್ರಿನಾ ಆಗುತ್ತದೆ. 346 ಕಿಲೋಮೀಟರ್ ಹರಿದು ಸಾವಾ ನದಿಗೆ ಸೇರುತ್ತದೆ. ಫೋಚಾ, ಗೊರಾಜ್ದೆ, ವಿಶೆಗ್ರಾದ್ ಊರುಗಳಲ್ಲಿ ಎರಡೂ ದಡ ಬೋಸ್ನಿಯಾದ್ದೇ. ಗಡಿ ಬರುವುದು ವಿಶೆಗ್ರಾದ್ ದಾಟಿದ ಮೇಲೆ. ಅದೂ 1992ರ ತನಕ ಎರಡೂ ಸೇರಿದ್ದ ಯುಗೊಸ್ಲಾವಿಯಾ ಎಂಬ ದೇಶದ ಒಳಗಿನ ಗೆರೆ ಅಷ್ಟೆ.

ವಿಶೆಗ್ರಾದ್‌ನಲ್ಲಿ 1577ರಲ್ಲಿ ಕಟ್ಟಿ ಮುಗಿಸಿದ 11 ಕಮಾನಿನ ಕಲ್ಲಿನ ಸೇತುವೆ ಇದೆ. ಕಟ್ಟಿಸಿದ ಆಟೊಮನ್ ವಜೀರ ಮೆಹಮದ್ ಪಾಶಾ ಸೊಕೊಲೊವಿಚ್ ಅದೇ ಸೀಮೆಯ ಸರ್ಬ್ (ಸರ್ಬಿಯಾ, ಬೋಸ್ನಿಯಾ ಎರಡೂ ಕಡೆ ಇರುವ, ಹೆಚ್ಚಾಗಿ ಕ್ರೈಸ್ತರಾದ ಜನಾಂಗ) ಕುಟುಂಬದಲ್ಲಿ ಹುಟ್ಟಿದವನು. 1991ರ ಜನಗಣತಿಯಲ್ಲಿ ಆ ತಾಲ್ಲೂಕಿನಲ್ಲಿ ಮುಸ್ಲಿಮರೇ ಜಾಸ್ತಿ, ಉಳಿದವರಲ್ಲಿ ಹೆಚ್ಚಿನವರು ಸರ್ಬರು. ಮರುವರ್ಷ ಬೋಸ್ನಿಯಾದಲ್ಲಿ ಯುದ್ಧ ಶುರುವಾದಾಗ ಸರ್ಬ್ ಪಡೆಗಳು ಮುಸ್ಲಿಮರನ್ನು ಆ ಸೇತುವೆಯ ಮೇಲೇ ಕೊಂದು ನದಿಗೆ ಎಸೆದವು. 2010ರಲ್ಲಿ ಅಣೆಕಟ್ಟು ರಿಪೇರಿಗೆಂದು ಕೆಳಗಿನ ಪೆರುಚಾತ್ಸ್ ಕೆರೆಯ ನೀರು ಇಳಿಸಿದಾಗ, ಜನ ಕೆಸರಿನಲ್ಲಿ ತಮ್ಮವರ ಮೂಳೆ ಹುಡುಕಿದರು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಊರು ಗೊರಾಜ್ದೆ. 1992ರಿಂದ ಯುದ್ಧ ಮುಗಿಯುವ ತನಕ ಅದಕ್ಕೆ ಸರ್ಬ್ ಪಡೆಗಳ ಮುತ್ತಿಗೆ ಇತ್ತು. ಕರೆಂಟ್ ಇಲ್ಲ. ಊರಿನವರು ಖಾಲಿ ಡ್ರಮ್‌ಗಳನ್ನು ಕಟ್ಟಿ ತೆಪ್ಪ ಮಾಡಿದರು. ಅದರ ಮೇಲೆ ಹಲಗೆಯ ರೆಕ್ಕೆಗಳಿರುವ ಚಕ್ರ ಕೂರಿಸಿದರು, ಹಳೇ ಕಾರಿನ ಡೈನಮೋ ಜೋಡಿಸಿದರು, ಹಗ್ಗದಿಂದ ಸೇತುವೆಗೆ ಬಿಗಿದು ನೀರಿಗೆ ಬಿಟ್ಟರು. ಹರಿಯುವ ನೀರಿಗೆ ಚಕ್ರ ತಿರುಗಬೇಕು, ತಂತಿಯಲ್ಲಿ ಕರೆಂಟ್ ದಡ ಸೇರಬೇಕು. ಒಂದು ಬಲ್ಬು, ಒಂದು ರೇಡಿಯೊ ನಡೆದರೆ ಅದೇ ದೊಡ್ಡದು. ಸೇತುವೆಯ ಮೇಲೆ ನಡೆದರೆ ಗುಡ್ಡದಿಂದ ಗುಂಡು ಬೀಳುತ್ತಿತ್ತು. ಅದಕ್ಕೇ ಸೇತುವೆಯ ಅಡಿಗೆ ಮರದ ಹಲಗೆ ಹಾಸಿ ಇನ್ನೊಂದು ದಾರಿ ಮಾಡಿಕೊಂಡರು. ಇಂಜಿನಿಯರ್‌ಗಳಿಗೆ ಇದನ್ನು ಪಾಠವಾಗಿ ಹೇಳಿಕೊಡಬೇಕು ಎನ್ನುವುದು ನನ್ನ ಆಸೆ. ಗೊರಾಜ್ದೆ ಕೊನೆಗೂ ಬೀಳಲಿಲ್ಲ.

ಈಗ ನಿಮ್ಮ ಗಡಿಯ ಮಾತಿಗೆ ಬರೋಣ. ಬೋಸ್ನಿಯಾದ ಜ್ವೊರ್ನಿಕ್ ಎದುರಿಗೇ ಸರ್ಬಿಯಾದ ಮಾಲಿ ಜ್ವೊರ್ನಿಕ್ ಇದೆ. ಯುದ್ಧಕ್ಕೆ ಮುಂಚೆ ಜ್ವೊರ್ನಿಕ್‌ನಲ್ಲಿ ಮುಸ್ಲಿಮರು ಹೆಚ್ಚಿದ್ದರು. ಅವರನ್ನು ಓಡಿಸಲಾಯಿತು, ಎಲ್ಲರೂ ವಾಪಸ್ ಬರಲಿಲ್ಲ. ಇವತ್ತು ಎರಡೂ ದಡಗಳಲ್ಲಿ ಸರ್ಬರೇ ಜಾಸ್ತಿ, ಭಾಷೆಯೂ ಒಂದೇ. ಸೇತುವೆ ದಾಟಿ ಹೋಗಿಬರುವುದು ಅವರಿಗೆ ದಿನದ ಸಂಗತಿ. ಅಂದಮೇಲೆ ನದಿಯನ್ನೇ ದ್ವೇಷದ ಗೆರೆ ಎನ್ನುವುದು ಸರಿಯಲ್ಲ, ಅಲ್ವಾ?

ಈಗ ಮೂರು ದೇಶಗಳ ನಡುವೆ ನಿಜವಾಗಿ ಮಾತುಕತೆ ಆಗಬೇಕಾದದ್ದು ಕಸದ ಬಗ್ಗೆ. ಪ್ರತಿ ಚಳಿಗಾಲದಲ್ಲಿ ಮಳೆ ಬಂದು ನೀರು ಏರಿದಾಗ ಮಾಂಟೆನೆಗ್ರೊ, ಸರ್ಬಿಯಾ, ಬೋಸ್ನಿಯಾದ ನದಿದಂಡೆಗಳ ಕಸವೆಲ್ಲ ಕೊಚ್ಚಿಕೊಂಡು ಬಂದು ವಿಶೆಗ್ರಾದ್‌ನ ತೇಲುವ ಬೇಲಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಟಲಿ, ಡ್ರಮ್, ಫ್ರಿಜ್, ಸತ್ತ ದನ ಎಲ್ಲವೂ ಇರುತ್ತವೆ. ಅದನ್ನೆಲ್ಲ ಎತ್ತಿ ಊರಿನ ಕಸದ ಗುಡ್ಡೆಗೇ ಸುರಿಯುತ್ತಾರೆ. ಗುಡ್ಡೆಗೆ ಬೆಂಕಿ ಹತ್ತಿದಾಗ ಆ ಹೊಗೆ ಕುಡಿಯುವವರೂ ವಿಶೆಗ್ರಾದ್‌ನವರೇ. ಮೇಲಿನ ಊರುಗಳಲ್ಲಿ ಕಸಕ್ಕೆ ಸರಿಯಾದ ವ್ಯವಸ್ಥೆ ಆಗದೆ ಇದು ನಿಲ್ಲುವುದಿಲ್ಲ.