ಪ್ರಶ್ನೋತ್ತರ: ಕಡಲ ಜೀವಿಗಳಲ್ಲಿರುವ ಮದ್ದನ್ನು ತಯಾರಿಸುವವರು ಯಾರು?

ಪ್ರಶ್ನೆ: ಕಡಲಿನ ಸ್ಪಂಜುಗಳಿಂದ ಕ್ಯಾನ್ಸರಿಗೆ ಔಷಧ ದೊರೆತಿದೆ ಎಂದು ಓದಿದೆ. ಬಂಡೆಗೆ ಅಂಟಿಕೊಂಡು ಬದುಕುವ ಪ್ರಾಣಿಯಲ್ಲಿ ಮನುಷ್ಯನ ರೋಗಕ್ಕೆ ಮದ್ದು ಏಕಿರಬೇಕು? ರಸಾಯನ ವಿಜ್ಞಾನಿಗಳು ಅದನ್ನು ಹೇಗೆ ಪತ್ತೆ ಮಾಡುತ್ತಾರೆ?
— ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಆ ವಸ್ತುಗಳು ಅಲ್ಲಿರುವುದು ನಮಗಾಗಿ ಅಲ್ಲ. ಓಡಲಾರದ, ಚಿಪ್ಪಾಗಲಿ ಹಲ್ಲಾಗಲಿ ಇಲ್ಲದ ಜೀವಿಗೆ ತನ್ನನ್ನು ತಿನ್ನಬರುವ ಮೀನನ್ನು ದೂರವಿಡಲು, ಮೈಮೇಲೆ ಹಬ್ಬುವ ನೆರೆಯ ಜೀವಿಗಳನ್ನು ತಡೆಯಲು, ಸೋಂಕಿನಿಂದ ಪಾರಾಗಲು ರಾಸಾಯನಿಕಗಳೇ ಆಧಾರ. ಕೋಶ ವಿಭಜನೆ, ಡಿಎನ್‌ಎ ನಕಲು, ನರಗಳ ಸಂಕೇತ ಇವೆಲ್ಲ ಜೀವಲೋಕದಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ಪ್ರೋಟೀನುಗಳಿಂದ ನಡೆಯುವುದರಿಂದ, ಮೀನಿನ ಕೋಶಕ್ಕೆ ತಟ್ಟುವ ವಸ್ತು ನಮ್ಮ ಕೋಶಕ್ಕೂ ತಟ್ಟಬಹುದು.

1951ರಲ್ಲಿ ವರ್ನರ್ ಬರ್ಗ್‌ಮನ್ ಮತ್ತು ರಾಬರ್ಟ್ ಫೀನಿ ಕೆರಿಬಿಯನ್ ಪ್ರದೇಶದ ಒಂದು ಸ್ಪಂಜಿನಲ್ಲಿ ವಿಚಿತ್ರವಾದ ನ್ಯೂಕ್ಲಿಯೋಸೈಡನ್ನು, ಅಂದರೆ ಡಿಎನ್‌ಎ ಘಟಕದ ಮಾದರಿಯ ಅಣುವನ್ನು, ಕಂಡರು. ಡಿಎನ್‌ಎಯ ಘಟಕಗಳಲ್ಲಿ ಇರಬೇಕಾದ ಸಕ್ಕರೆಯ ಜಾಗದಲ್ಲಿ ಅದರಲ್ಲಿ ಅರಾಬಿನೋಸ್ ಎಂಬ ಬೇರೆ ಸಕ್ಕರೆ ಇತ್ತು. ಈ ಮಾದರಿಯನ್ನು ಅನುಸರಿಸಿ ಪ್ರಯೋಗಾಲಯದಲ್ಲಿ ತಯಾರಿಸಿದ ಸೈಟರಬಿನ್ 1969ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಬೇಗ ಬೇಗ ವಿಭಜನೆಗೊಳ್ಳುವ ರಕ್ತ ಕ್ಯಾನ್ಸರಿನ ಕೋಶ ಇದನ್ನು ತನ್ನದೇ ಘಟಕವೆಂದು ಡಿಎನ್‌ಎಯೊಳಗೆ ಸೇರಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಕಲು ಸಾಗುವುದಿಲ್ಲ. ತೀವ್ರ ಮೈಲಾಯ್ಡ್ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಈ ಔಷಧ ಇಂದಿಗೂ ಬಳಕೆಯಲ್ಲಿದೆ.

ಇನ್ನು ಹುಡುಕುವ ಬಗೆ. ಹಿಮಗಟ್ಟಿಸಿ ತಂದ ಸ್ಪಂಜನ್ನು ಕತ್ತರಿಸಿ ಮೆಥನಾಲ್‌ನಲ್ಲಿ ನೆನೆಯಿಟ್ಟು, ಸೋಸಿ, ಕಡಿಮೆ ಒತ್ತಡದಲ್ಲಿ ದ್ರಾವಕವನ್ನು ಆವಿ ಮಾಡಿದರೆ ಫ್ಲಾಸ್ಕಿನ ತಳದಲ್ಲಿ ಅಂಟಂಟಾದ ಸಾರ ಉಳಿಯುತ್ತದೆ. ಅದರಲ್ಲಿ ದೊಡ್ಡ ಪಾಲು ಕಡಲಿನ ಉಪ್ಪೇ ಆಗಿರುತ್ತದೆ. ನೀರು ಮತ್ತು ಈಥೈಲ್ ಅಸಿಟೇಟ್ ನಡುವೆ ಆ ಸಾರವನ್ನು ಹಂಚಿ ಉಪ್ಪನ್ನು ಬೇರೆ ಮಾಡಿ, ಉಳಿದದ್ದನ್ನು ಸಿಲಿಕಾ ತುಂಬಿದ ಕಾಲಮ್ಮಿನ ಮೂಲಕ ಇಳಿಸಿ, ಹೊರಬರುವ ಒಂದೊಂದು ಭಾಗವನ್ನೂ ರೋಗಾಣುಗಳ ಮೇಲೆ ಅಥವಾ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುತ್ತಾರೆ. ಪರಿಣಾಮ ಕಂಡ ಭಾಗವನ್ನು ಮಾತ್ರ ಇಟ್ಟುಕೊಂಡು ಮತ್ತೆ ವಿಂಗಡಿಸುತ್ತಾರೆ. ಹೀಗೆ ಒಂದೇ ಶುದ್ಧ ವಸ್ತು ಉಳಿಯುವವರೆಗೂ ಕೆಲಸ ಸಾಗುತ್ತದೆ. ಕೈಗೆ ಬರುವುದು ಹಲವು ಸಲ ಕೆಲವೇ ಮಿಲಿಗ್ರಾಂ. ಮಾಸ್ ಸ್ಪೆಕ್ಟ್ರೋಮೀಟರ್ ಅದರ ಅಣುತೂಕವನ್ನು ತಿಳಿಸುತ್ತದೆ. ಯಾವ ಇಂಗಾಲಕ್ಕೆ ಯಾವ ಹೈಡ್ರೋಜನ್ ಹತ್ತಿರವಿದೆ ಎಂಬುದನ್ನು ಕಾಂತಕ್ಷೇತ್ರದಲ್ಲಿ ಪರಮಾಣುಗಳ ವರ್ತನೆಯನ್ನು ಅಳೆಯುವ ಎನ್‌ಎಂಆರ್ ತೋರಿಸುತ್ತದೆ. ಈ ವಸ್ತು ಈಗಾಗಲೇ ಗೊತ್ತಿರುವುದೇ ಎಂಬುದನ್ನು ಮೊದಲೇ ನೋಡಿಕೊಳ್ಳದಿದ್ದರೆ, ತಿಂಗಳುಗಟ್ಟಲೆ ದುಡಿದು ಹಳೆಯದನ್ನೇ ಮತ್ತೆ ಕಂಡುಹಿಡಿದಂತಾಗುತ್ತದೆ. ಈ ರಂಗಕ್ಕೆ ಬರಬೇಕೆಂಬ ಆಸೆ ನಿಮಗಿದ್ದರೆ ಎನ್‌ಎಂಆರ್ ಓದುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿ. ಇಷ್ಟು ಕೆಲಸಕ್ಕೆ ಬರುವ ವಿದ್ಯೆ ಇಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ಚೂರು ಔಷಧಕ್ಕೆ ಟನ್‌ಗಟ್ಟಲೆ ಜೀವಿಗಳನ್ನು ಕೊಲ್ಲಬೇಕಾಗುವುದಾದರೆ ಕಡಲು ಬರಿದಾಗುವುದಿಲ್ಲವೇ?
— ನಿವೃತ್ತ ಶಿಕ್ಷಕರು

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದೇ. ಈ ಸಂಶೋಧನೆಯನ್ನು ಅತಿ ಹೆಚ್ಚು ಕಾಡಿರುವುದೂ ಇದೇ ಪ್ರಶ್ನೆ. ಹಡಗುಗಳ ತಳಕ್ಕೆ ಅಂಟಿಕೊಂಡು ಬೆಳೆಯುವ ಬ್ಯೂಗ್ಯುಲ ನೆರಿಟಿನ ಎಂಬ ಜೀವಿಯನ್ನು ಸುಮಾರು 14 ಟನ್ ಸಂಗ್ರಹಿಸಿದಾಗ ದೊರೆತ ಬ್ರಯೋಸ್ಟಾಟಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತು 18 ಗ್ರಾಂ. ನ್ಯೂಜಿಲೆಂಡಿನ ಆಳ ಸಮುದ್ರದ ಸ್ಪಂಜು ಒಂದು ಟನ್ನಿಗೆ ಕೊಟ್ಟ ಹ್ಯಾಲಿಕಾಂಡ್ರಿನ್ ಬಿ ಎಂಬ ಇನ್ನೊಂದು ಅಂಥ ವಸ್ತು ಸುಮಾರು 300 ಮಿಲಿಗ್ರಾಂ. ಹೀಗೆ ಬಾಚಿ ತೆಗೆದು ಯಾವ ರೋಗಿಗೂ ವರ್ಷಾನುಗಟ್ಟಲೆ ಔಷಧ ಒದಗಿಸಲಾಗದು.

ಆದ್ದರಿಂದ ಬೇರೆ ದಾರಿಗಳು ಹುಟ್ಟಿಕೊಂಡವು. ಹ್ಯಾಲಿಕಾಂಡ್ರಿನ್ನಿನ ದೈತ್ಯ ಅಣುವಿನಲ್ಲಿ ಕೆಲಸ ಮಾಡುವ ಭಾಗ ಅರ್ಧದಷ್ಟೇ ಎಂದು ತಿಳಿದ ಮೇಲೆ, ಅಷ್ಟನ್ನೇ ಆಧರಿಸಿದ ಸರಳ ರೂಪವನ್ನು ಪ್ರಯೋಗಾಲಯದಲ್ಲಿ ಕಟ್ಟಿದರು. ಅದೇ ಎರಿಬ್ಯುಲಿನ್, 2010ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಅನುಮತಿ ಪಡೆಯಿತು, ಅದಕ್ಕಾಗಿ ಈಗ ಒಂದು ಸ್ಪಂಜನ್ನೂ ಕೀಳಬೇಕಾಗಿಲ್ಲ.

ಇದಕ್ಕಿಂತಲೂ ಹೆಚ್ಚು ಯೋಚನೆಗೆ ಹಚ್ಚುವುದು ಕ್ಯಾನ್ಸರ್ ಔಷಧವಾದ ಟ್ರಾಬೆಕ್ಟೆಡಿನ್‌ನ ಕಥೆ. ಕೆರಿಬಿಯನ್ ಕರಾವಳಿಯ ಮ್ಯಾಂಗ್ರೋವ್ ಬೇರುಗಳಿಗೆ ಅಂಟಿಕೊಳ್ಳುವ ಎಕ್ಟಿನಾಸಿಡಿಯ ಟರ್ಬಿನಾಟ ಎಂಬ ಪ್ರಾಣಿಯಲ್ಲಿ ಅದು ಸಿಕ್ಕಿತು. ಆದರೆ ನಿಜವಾದ ತಯಾರಕ ಆ ಪ್ರಾಣಿಯಲ್ಲ, ಅದರೊಳಗೆ ವಾಸಿಸುವ ಒಂದು ಬ್ಯಾಕ್ಟೀರಿಯ ಎಂಬುದನ್ನು ವಂಶವಾಹಿಗಳ ಅಧ್ಯಯನ ಮುಂದೆ ತೋರಿಸಿತು. ಆ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸಲಾಗಿಲ್ಲ. ಅದಕ್ಕೆ ಪರ್ಯಾಯವಾಗಿ, ಬೇರೊಂದು ಬ್ಯಾಕ್ಟೀರಿಯವಾದ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಅನ್ನು ಹುದುಗಿಸಿ ಪಡೆದ ಸೈಯನೊಸ್ಯಾಫ್ರಾಸಿನ್ ಎಂಬ ವಸ್ತುವನ್ನು ಹಂತ ಹಂತವಾಗಿ ಮಾರ್ಪಡಿಸಿ ಟ್ರಾಬೆಕ್ಟೆಡಿನ್ ತಯಾರಿಸುತ್ತಾರೆ. 2007ರಲ್ಲಿ ಯುರೋಪಿನಲ್ಲಿ ಅದಕ್ಕೆ ಅನುಮತಿ ದೊರೆಯಿತು. ಕಡಲ ಮೊಲ ಎಂಬ ಮೃದ್ವಂಗಿಯಿಂದ ಪ್ರತ್ಯೇಕಿಸಿದ ಡೋಲಾಸ್ಟಾಟಿನ್ 10 ಎಂಬ ಕ್ಯಾನ್ಸರ್ ನಿರೋಧಕ ವಸ್ತು ಕೂಡ ಆ ಪ್ರಾಣಿಯ ಆಹಾರವಾದ ಸಯನೋಬ್ಯಾಕ್ಟೀರಿಯದ್ದು.

ನನ್ನ ಅಭಿಪ್ರಾಯದಲ್ಲಿ, ಇಷ್ಟು ಗೊತ್ತಿದ್ದೂ ಮೊದಲು ಪ್ರಾಣಿಯನ್ನೇ ರಾಶಿ ಹಾಕುವುದು ಸರಿಯಲ್ಲ. ಅಂಗೈಯಷ್ಟು ತುಂಡು ತಂದು, ಅದರೊಳಗಿನ ಸೂಕ್ಷ್ಮಾಣುಗಳನ್ನು ಬೆಳೆಸಲು ಯತ್ನಿಸಿ, ಅವುಗಳ ವಂಶವಾಹಿಗಳನ್ನು ಓದಿ, ಬಳಿಕ ಮುಂದುವರಿಯಬೇಕು. ಕಡಲ ತಳದ ಕೆಸರಿನಲ್ಲಿರುವ ಸ್ಯಾಲಿನಿಸ್ಪೋರ ಎಂಬ ಬ್ಯಾಕ್ಟೀರಿಯ ಇದಕ್ಕೆ ಧೈರ್ಯ ಕೊಡುತ್ತದೆ. ಅಮೆರಿಕದ ರಸಾಯನ ವಿಜ್ಞಾನಿ ವಿಲಿಯಂ ಫೆನಿಕಲ್ ಅವರ ತಂಡ 2003ರಲ್ಲಿ ಅದರಿಂದ ಸ್ಯಾಲಿನೊಸ್ಪೊರಮೈಡ್ ಎ ಎಂಬ ಕ್ಯಾನ್ಸರ್ ನಿರೋಧಕ ವಸ್ತುವನ್ನು ವರದಿ ಮಾಡಿತು. ಬ್ಯಾಕ್ಟೀರಿಯದ ತಳಿ ಕೈಯಲ್ಲಿದ್ದರೆ ವಸ್ತುವಿಗಾಗಿ ಮತ್ತೆ ಕಡಲಿಗೆ ಇಳಿಯಬೇಕಾಗಿಲ್ಲ, ಹುದುಗುವ ತೊಟ್ಟಿಯಲ್ಲೇ ಅದನ್ನು ಬೇಕಾದಷ್ಟು ಬೆಳೆಸಬಹುದು. ಮಾದರಿ ತರುವುದಕ್ಕೂ ಇಂದು ಕಟ್ಟುಪಾಡುಗಳಿವೆ: 2014ರಲ್ಲಿ ಜಾರಿಗೆ ಬಂದ ನಗೋಯ ಒಪ್ಪಂದದ ಪ್ರಕಾರ, ಜೀವಿ ಯಾವ ದೇಶದ್ದೋ ಆ ದೇಶಕ್ಕೆ ಅದರಿಂದ ಬರುವ ಲಾಭದಲ್ಲಿ ಪಾಲು ಸಲ್ಲಬೇಕು.

ಪ್ರಶ್ನೆ: ಪಾಚಿ, ಸ್ಪಂಜು ಮುಂತಾದವುಗಳ ಪುಡಿಯ ಡಬ್ಬಿಗಳ ಮೇಲೆ ‘ಜೈವಿಕ ಸಕ್ರಿಯ’ ಎಂದು ಬರೆದಿರುತ್ತದೆ. ಔಷಧವೆಂದು ಸೇವಿಸಬಹುದೇ?
— ಒಬ್ಬ ಗೃಹಿಣಿ

ಉತ್ತರ: ಆ ಮಾತನ್ನು ನಂಬಿ ಸೇವಿಸಬೇಡಿ. ‘ಜೈವಿಕ ಸಕ್ರಿಯ’ ಎಂದರೆ ಯಾವುದೋ ಪರೀಕ್ಷೆಯಲ್ಲಿ ಯಾವುದೋ ಕೋಶದ ಮೇಲೆ ಪರಿಣಾಮ ಕಂಡಿದೆ ಎಂದಷ್ಟೇ ಅರ್ಥ. ಘೋರ ವಿಷವೂ ಜೈವಿಕ ಸಕ್ರಿಯವೇ. ಪ್ರಮಾಣ, ಶುದ್ಧತೆ, ಕೊಡುವ ಮಾರ್ಗ ಇವು ಗೊತ್ತಾಗದೆ ಯಾವುದೂ ಔಷಧವಾಗುವುದಿಲ್ಲ. ಉದಾಹರಣೆಗೆ, ಶಂಕುವಿನಾಕಾರದ ಚಿಪ್ಪಿರುವ ಒಂದು ಕಡಲ ಬಸವನಹುಳುವಿನ ವಿಷದಲ್ಲಿ ಸಿಕ್ಕ ಜಿಕೊನೊಟೈಡ್ 25 ಅಮೈನೊ ಆಮ್ಲಗಳ ಸರಪಳಿ. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನೋವು ನಿವಾರಕ. ಬೇರೆ ಚಿಕಿತ್ಸೆ ನಾಟದ ತೀವ್ರ ನೋವಿಗೆ ಮಾತ್ರ, ಬೆನ್ನುಹುರಿಯ ಸುತ್ತಲಿನ ದ್ರವದೊಳಕ್ಕೆ ಪಂಪಿನ ಮೂಲಕ, ಮೈಕ್ರೋಗ್ರಾಂ ಲೆಕ್ಕದಲ್ಲಿ ವೈದ್ಯರು ಅದನ್ನು ಕೊಡುತ್ತಾರೆ.